ಕೂಸಿಲ್ಲದ ಬಾಣಂತನ

ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ನಮ್ಮ ಮಾದನಹಿಪ್ಪರಗಾದಲ್ಲಿ ಯಾವ ಮನೆಯ ಒಲೆಯೂ ಬೇಗ ಆರುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಹಿಂಡಿ, ಅಂಬಲಿ ಎಲ್ಲವನ್ನೂ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಮದುವೆಯಾಗಿ ಬಂದಾಗಿನಿಂದ ಆ ರಾತ್ರಿಯ ರೊಟ್ಟಿ ಬಡಿಯುವ ಕೆಲಸ ನನ್ನದೇ. ಐವತ್ತು ಅರವತ್ತು ರೊಟ್ಟಿ ಬಡಿದೆದ್ದು, ಸ್ನಾನ ಮಾಡಿ, ಬುತ್ತಿ ತಲೆಯ ಮೇಲಿಟ್ಟುಕೊಂಡು ಹೊಲಕ್ಕೆ ನಡೆದವಳು ನಾನು.

ಎರಡು ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆಗೆ ನಾನು ಬಡಿದದ್ದು ನಾಲ್ಕು ರೊಟ್ಟಿ. ನಾಲ್ಕನೆಯದನ್ನು ಹಂಚಿಗೆ ಹಾಕುವಾಗ ಕಣ್ಣು ಕತ್ತಲೆ ಬಂತು. ಕೊಣಮಗಿಯ ಅಂಚು ಹಿಡಿದುಕೊಂಡು ಅಲ್ಲೇ ಗೋಡೆಗೆ ಒರಗಿ ಕುಳಿತೆ. ರೊಟ್ಟಿ ಹಂಚಿನ ಮೇಲೆ ಕರಕಾಯಿತು. ವಾಸನೆ ಬಂದು ಎದ್ದು ಬಂದ ಮಗಳು ಏನೂ ಮಾತಾಡದೆ ನನ್ನನ್ನು ಸರಿಸಿ ತಾನೇ ಹಿಟ್ಟು ನಾದತೊಡಗಿದಳು. ಅವಳಾಗ ಹತ್ತನೇ ತರಗತಿ.

ನನ್ನ ಗರ್ಭಕೋಶದ ಆಪರೇಷನ್ ಆಗಿ ಆಗ ಏಳು ವಾರ ದಾಟಿತ್ತು.

ಮೂರು ವರ್ಷ ತಿಂಗಳ ಮುಟ್ಟು ನನ್ನನ್ನು ಹಿಂಡಿ ಹಾಕಿತ್ತು. ಎಂಟು ದಿನ, ಹತ್ತು ದಿನ ನಿಲ್ಲುತ್ತಿರಲಿಲ್ಲ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಗಡ್ಡೆಗಳು ಕಂಡವು. ಒಬ್ಬ ಡಾಕ್ಟರು ಮಾತ್ರೆ ಕೊಟ್ಟು ನೋಡಿದರು. ಇನ್ನೊಬ್ಬರನ್ನೂ ಕೇಳಿದೆವು. ಕಡೆಗೆ, ನನಗೆ 44 ತುಂಬಿದಾಗ, ತೆಗೆಸುವುದೇ ಸರಿ ಎಂದಾಯಿತು. ಆಪರೇಷನ್ನಿಗೆ ಮೊದಲು ನನ್ನ ಹಿಮೋಗ್ಲೋಬಿನ್ 7.2 ಇತ್ತು. ಹೆಂಗಸರಿಗೆ 12 ಇರಬೇಕು. ಎರಡು ಬಾಟಲಿ ರಕ್ತ ಹಾಕಿದ ಮೇಲೆಯೇ ಹೊಟ್ಟೆ ಕೊಯ್ದದ್ದು.

ನಾನು ಅಂಗನವಾಡಿ ಕಾರ್ಯಕರ್ತೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗಿನಿಂದ ಊರಿನ ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸಿ, ಎದುರಿಗೆ ನಿಂತು ಕಬ್ಬಿಣದ ಮಾತ್ರೆ ನುಂಗಿಸಿದವಳು ನಾನೇ. ‘ಯವ್ವಾ, ರಕ್ತ ಕಡಿಮಿ ಅಂದ್ರ ಮೈಯಾಗ ಎಣ್ಣಿ ಇಲ್ಲದ ದೀಪ ಇದ್ದಂಗ’ ಎಂದು ಅವರಿಗೆ ಭಾಷಣ ಮಾಡಿದವಳೂ ನಾನೇ. ನನ್ನ ದೀಪದಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡಿಕೊಂಡಿರಲಿಲ್ಲ.

ಆಸ್ಪತ್ರೆಯಿಂದ ಬಿಡುವಾಗ ಹೇಳಿದ್ದು ಇಷ್ಟು: ಆರು ವಾರ ಭಾರ ಎತ್ತಬೇಡಿ, ಹೊಲಿಗೆ ಒದ್ದೆ ಮಾಡಬೇಡಿ, ಜ್ವರ ಬಂದರೆ ತೋರಿಸಿ. ದಣಿವಿನ ಮಾತು ಯಾರೂ ಎತ್ತಲಿಲ್ಲ. ಹೀಗಾಗಿ ‘ಆರು ವಾರ’ ಎಂಬುದು ನಮ್ಮ ಮನೆಯಲ್ಲಿ ಒಂದು ಗಡುವಾಗಿ ಕುಳಿತಿತು. ಆರು ವಾರ ಮುಗಿದ ಮರುದಿನ ನಾನು ಮೊದಲಿನ ಹಾಗೆ ಏಳಬೇಕು ಎಂದು ಮನೆಯವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಆದರೆ ಆ ದಣಿವು ನನಗೆ ಗೊತ್ತಿದ್ದ ದಣಿವಾಗಿರಲಿಲ್ಲ. ಹೊಲದಲ್ಲಿ ದಿನವಿಡೀ ತೊಗರಿ ಕೊಯ್ದು ಬಂದರೆ ಬರುವ ದಣಿವು ಒಂದು ನಿದ್ದೆಗೆ ಹೋಗುತ್ತದೆ. ಇದು ನಿದ್ದೆ ಮಾಡಿ ಎದ್ದರೂ ಹಾಸಿಗೆಯಲ್ಲೇ ನನಗಾಗಿ ಕಾಯುತ್ತಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ತೋಳು ಭಾರ. ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳುವುದು. ಒಂದು ದಿನ ಚೆನ್ನಾಗಿದ್ದೇನೆ ಎನಿಸಿ ನಾಲ್ಕು ಬಟ್ಟೆ ಒಗೆದರೆ ಮುಂದಿನ ಎರಡು ದಿನ ಮಲಗಿದ್ದಲ್ಲೇ. ಮಾತಾಡುವವರ ಎದುರಿಗೆ ಕುಳಿತು ಅವರ ಮಾತು ಕೇಳುವುದಕ್ಕೂ ಶಕ್ತಿ ಸಾಲದು.

ಹೊಟ್ಟೆಯ ಮೇಲಿನ ಹೊಲಿಗೆ ಮಾಯ್ದಿತ್ತು. ಜ್ವರವಿರಲಿಲ್ಲ. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಕೈ ಮುರಿದರೆ ಕಟ್ಟಾದರೂ ಇರುತ್ತದೆ, ದಣಿವಿಗೆ ಏನಿದೆ? ನೋಡಲು ಬಂದವರು ಬಾಗಿಲಲ್ಲೇ ಕೇಳುತ್ತಿದ್ದರು, ‘ಏಳ ವಾರ ಆಯ್ತಲ್ಲ ಅಕ್ಕೋರೆ, ಇನ್ನಾ ಮಲಗೇ ಇದ್ದೀರಲ್ಲ?’ ನಮ್ಮ ನೆಗೆಣ್ಣಿ ಒಂದು ದಿನ ಅಂಗಳದಲ್ಲಿ ಯಾರಿಗೋ ಹೇಳುವುದು ಕೇಳಿಸಿತು: ‘ರೂಢಿ ಆಗ್ಯಾದ ನೋಡ್, ಮಲಗೋ ರೂಢಿ.’ ಅವಳ ಮೇಲೆ ಸಿಟ್ಟು ಬರಲಿಲ್ಲ. ಇರಬಹುದೇನೋ ಎಂದು ನನಗೇ ಅನುಮಾನ ಬಂತು. ಅದೇ ಹೆಚ್ಚು ನೋಯಿಸಿದ್ದು.

ಬಾಣಂತಿಯಾಗಿದ್ದಾಗ ಹೀಗಿರಲಿಲ್ಲ. ಮಗಳು ಹುಟ್ಟಿದಾಗ ತವರಿನಲ್ಲಿ ಅವ್ವ ನನ್ನನ್ನು ಹೊರಸಿನಿಂದ ಇಳಿಯಗೊಟ್ಟಿರಲಿಲ್ಲ. ತಲೆಗೆ ಕುಂಚಿಗೆ, ಕಿವಿಗೆ ಹತ್ತಿ, ಹೊತ್ತು ಹೊತ್ತಿಗೆ ಅಳವಿ ಪಾಯಸ, ಅಂಟಿನುಂಡಿ, ಬಿಸಿ ಅನ್ನ, ತುಪ್ಪ. ಕೂಸು ಮಲಗಿದಾಗ ನಾನೂ ಮಲಗಬೇಕು ಎಂಬುದು ಕಟ್ಟಾಜ್ಞೆ. ‘ಯಾಕ ಮಲಗೀದಿ’ ಎಂದು ಕೇಳಿದವರಿಲ್ಲ. ‘ಯಾಕ ಎದ್ದೀದಿ’ ಎಂದು ಬೈದವರೇ ಎಲ್ಲ. ನೋಡಲು ಬಂದವರು ಕೊಬ್ಬರಿ, ಉತ್ತತ್ತಿ ತಂದು ಮಡಿಲಿಗೆ ಹಾಕುತ್ತಿದ್ದರು. ಕೂಸು ಇದ್ದದ್ದರಿಂದ ನನ್ನ ದಣಿವಿಗೆ ಒಂದು ಹೆಸರಿತ್ತು, ಮರ್ಯಾದೆಯಿತ್ತು. ಈ ಸಲ ಹೊಟ್ಟೆ ಕೊಯ್ದಿತ್ತು, ರಕ್ತ ಹೋಗಿತ್ತು, ಆದರೆ ಮಗ್ಗುಲಲ್ಲಿ ಕೂಸಿರಲಿಲ್ಲ. ಅದಕ್ಕೇ ಬಾಣಂತನವೂ ಇರಲಿಲ್ಲ.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಮಗಳ ಹೈಸ್ಕೂಲಿನಿಂದ ಫೋನ್ ಬಂತು. ಎರಡು ತಿಂಗಳಲ್ಲಿ ಹನ್ನೊಂದು ದಿನ ಗೈರುಹಾಜರು. ‘ಪರೀಕ್ಷಿ ಹತ್ರ ಬಂತು, ಮನ್ಯಾಗ ಏನರ ತೊಂದ್ರಿ ಅದ ಏನ್ರಿ?’ ಎಂದು ಅವಳ ಮೇಷ್ಟ್ರು ಕೇಳಿದರು. ನನಗೆ ಬಾಯಿ ಬರಲಿಲ್ಲ. ನಾನು ಮಲಗಿದ್ದಾಗ ಅವಳು ಸಮವಸ್ತ್ರ ಹಾಕಿಕೊಂಡು ಹೊರಟವಳು, ನಲ್ಲಿಗೆ ನೀರು ಬರುವ ಹೊತ್ತಾಯಿತೆಂದು ತಿರುಗಿ ಬಂದು, ಬಟ್ಟೆ ಬದಲಿಸಿ ಕೊಡ ಹಿಡಿಯುತ್ತಿದ್ದಳಂತೆ. ಅಜ್ಜಿಗೆ ‘ಇವತ್ತ ಸಾಲಿ ಸೂಟಿ’ ಎಂದು ಹೇಳಿ ನಂಬಿಸಿದ್ದಳು.

ಸಂಜೆ ಅವಳನ್ನು ಕರೆದು ಕೂರಿಸಿಕೊಂಡೆ. ಬೈಯಬೇಕೆಂದಿದ್ದೆ.

‘ನೀ ಎದ್ದು ಕೊಡ ಎತ್ತಿದ್ರ ಹೊಲಿಗಿ ಬಿಚ್ಚತಾವ ಅಂತ ಡಾಕ್ಟರ್ ಹೇಳ್ಯಾರಲ್ಲವ್ವಾ. ಅಪ್ಪಗ ಗೊತ್ತಾದ್ರ ನಿನಗೇ ಬೈತಾನ ಅಂತ ಸುಮ್ನಿದ್ದೆ’ ಅಂದಳು.

ಅವಳ ಮುಖ ನೋಡಿದೆ. ಕಣ್ಣಿನ ಕೆಳಗೆ ಬೆಳ್ಳಗಾಗಿತ್ತು. ಸಾವಿರ ಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ ಕೈ ನನ್ನದು. ಅವಳದನ್ನು ಎಳೆದು ನೋಡಿದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಈಕೆಯೂ ನುಂಗದೆ ಕಂಪಾಸಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ನನ್ನ ದಣಿವು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅದು ಸದ್ದಿಲ್ಲದೆ ಮಗಳ ತಲೆಯ ಮೇಲೆ ಕೊಡವಾಗಿ ಕುಳಿತಿತ್ತು.

ಮರುದಿನ ಇಬ್ಬರೂ ನಮ್ಮೂರಿನ ಸರ್ಕಾರಿ ದವಾಖಾನೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ನನಗೆ ಕೇಳಿದ ಮೊದಲ ಪ್ರಶ್ನೆ: ‘ಕಬ್ಬಿಣದ ಮಾತ್ರೆ ತಗೋತಿದ್ದೀರಾ?’ ಇಲ್ಲ. ಮಲ ಕಪ್ಪಾಗಿ, ಹೊಟ್ಟೆ ಕಟ್ಟಿದಂತಾಗಿ ಇಪ್ಪತ್ತು ದಿನಕ್ಕೇ ಬಿಟ್ಟಿದ್ದೆ. ತೆಗೆದುಕೊಂಡಾಗಲೂ ಚಹಾದ ಜೊತೆ ನುಂಗುತ್ತಿದ್ದೆ. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಊರಿಗೆಲ್ಲ ಹೇಳುವ ನಾನು!

ರಕ್ತ ಪರೀಕ್ಷೆಯಾಯಿತು. ಆಸ್ಪತ್ರೆ ಬಿಡುವಾಗ 9 ಇದ್ದದ್ದು ಎರಡು ತಿಂಗಳ ಮೇಲೂ 9.2. ಥೈರಾಯ್ಡ್ ಸರಿಯಿತ್ತು. ಸಕ್ಕರೆ ಸರಿಯಿತ್ತು. ಡಾಕ್ಟರಮ್ಮ ನನ್ನ ಡಿಸ್ಚಾರ್ಜ್ ಕಾರ್ಡು ತರಿಸಿ ಓದಿದರು. ‘ನಿಮ್ಮ ಅಂಡಾಶಯ ಎರಡೂ ಉಳಿಸಿದ್ದಾರೆ. ಅವನ್ನೂ ತೆಗೆದಿದ್ದರೆ ಒಮ್ಮೆಲೇ ಮುಟ್ಟು ನಿಂತ ವಯಸ್ಸಿಗೆ ಹೋದಂತೆ ಆಗುತ್ತಿತ್ತು. ಮೈ ಬಿಸಿಯೇರುವುದು, ರಾತ್ರಿ ಬೆವರು, ನಿದ್ದೆಗೇಡು, ಅದರಿಂದ ಇನ್ನಷ್ಟು ದಣಿವು’ ಎಂದರು. ನನ್ನ ಮೈಯಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾರ್ಡು ಟ್ರಂಕಿನಲ್ಲಿ ಸೀರೆಯ ಕೆಳಗಿತ್ತು.

ಆಮೇಲೆ ಅವರು ಹೇಳಿದ ಮಾತು ನಾನು ಮರೆಯುವುದಿಲ್ಲ. ‘ಆರು ವಾರ ಅನ್ನೋದು ಹೊಲಿಗೆಯ ಲೆಕ್ಕ. ರಕ್ತದ ಲೆಕ್ಕ ಬೇರೆ. ಮೂರು ವರ್ಷ ಹರಿದು ಹೋದದ್ದು ಆರು ವಾರಕ್ಕೆ ತುಂಬುತ್ತದಾ? ಕೆಂಪು ರಕ್ತಕಣದ ಆಯುಷ್ಯವೇ ಸುಮಾರು 120 ದಿನ. ಹೊಸದು ಹುಟ್ಟಿ ಬರಬೇಕು. ಅದರ ಮೇಲೆ ಮೈಯೊಳಗಿನ ಕಬ್ಬಿಣದ ಕಣಜ ಬೇರೆ ತುಂಬಬೇಕು. ಹಿಮೋಗ್ಲೋಬಿನ್ 12 ದಾಟಿದ ಮೇಲೂ ಮೂರು ತಿಂಗಳು ಮಾತ್ರೆ ಬಿಡಬೇಡಿ.’

ಜೊತೆಗೆ ಬಂದಿದ್ದ ನಮ್ಮ ಮನೆಯವರು ಕಣಜದ ಮಾತು ಕೇಳಿ ತಲೆ ಅಲ್ಲಾಡಿಸಿದರು. ತೊಗರಿಯ ನಾಡಿನವರು. ಮಿರಗದ ಮಳೆಗೆ ಬಿತ್ತಿದ ತೊಗರಿ ಪುಷ್ಯಕ್ಕೆ ಕೈಗೆ ಬರುತ್ತದೆ. ಎರಡು ತಿಂಗಳಿಗೆ ಹೊಲಕ್ಕೆ ಹೋಗಿ ‘ಕಾಯಿ ಎಲ್ಲಿ’ ಎಂದು ಕೇಳುವ ರೈತನಿಲ್ಲ. ಬರುವಾಗ ದಾರಿಯಲ್ಲಿ ಅವರು ಅಂದದ್ದು ಇಷ್ಟೇ: ‘ನನಗ ಯಾರೂ ಹೇಳಲಿಲ್ಲ ನೋಡ್. ಹೊಲಿಗಿ ಮಾಯ್ತು ಅಂದ್ರ ಎಲ್ಲಾ ಮಾಯ್ತು ಅಂದ್ಕೊಂಡಿದ್ದೆ.’

ಮನೆಗೆ ಬಂದು ನಮ್ಮ ಅತ್ತೆಗೆ ಎಲ್ಲ ಹೇಳಿದೆವು. ಎಪ್ಪತ್ತು ದಾಟಿದ ಜೀವ ಅದು. ನಾನು ಮಲಗಿದ್ದಕ್ಕೆ ಒಂದು ದಿನ ಬೈದವರಲ್ಲ, ಹಾಗೆಂದು ‘ಮಲಗು’ ಎಂದೂ ಹೇಳಿದವರಲ್ಲ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ನನಗ ಎರಡನೇದು ಸತ್ತು ಹುಟ್ಟಿತ್ತು. ಕೂಸ ಇಲ್ಲ, ಬಾಣಂತಾನ ಎದಕ್ಕ ಅಂದ್ರು ನಮ್ಮತ್ತಿ. ಹದಿನೈದನೇ ದಿನಕ್ಕ ಕಸ ತೆಗಿಲಿಕ್ಕ ಹೊಲಕ್ಕ ಹೋದೆ. ಆ ದಣಿವು ನನ್ನ ಮೈಯಾಗ ಇನ್ನಾ ಅದ’ ಎಂದರು. ನನಗೆ ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಆ ಸಂಗತಿ ಗೊತ್ತಿರಲಿಲ್ಲ. ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ. ಆಮೇಲೆ ಕೋಲು ಊರಿ ಎದ್ದು, ‘ಕೂಸ ಇಲ್ಲಂದ್ರ ಬಾಣಂತಾನ ಇಲ್ಲಂತ ಯಾರ ಹೇಳ್ಯಾರ? ಈಕಿಗಿ ಕೂಸಿನ ಮನಿನೇ ತಗದಾರ. ಇವತ್ತಿಂದ ಇದು ಬಾಣಂತಿ ಮನಿ’ ಎಂದು ಸಾರಿಬಿಟ್ಟರು.

ಕಿವಿಗೆ ಹತ್ತಿ, ಹೊರಸಿನ ಕೆಳಗೆ ಕೆಂಡ ಅವೆಲ್ಲ ಬೇಡವೆಂದೆ. ಹಗಲೆಲ್ಲ ಮಲಗುವುದೂ ಬೇಡವೆಂದು ಡಾಕ್ಟರಮ್ಮ ಹೇಳಿದ್ದರು. ಮಲಗೇ ಇದ್ದರೆ ಕಾಲಿನ ಬಲ ಇನ್ನೂ ಇಳಿಯುತ್ತದೆ. ದಿನಕ್ಕೆರಡು ಸಲ ಸ್ವಲ್ಪ ಸ್ವಲ್ಪ ನಡೆಯಬೇಕು, ವಾರ ವಾರ ಒಂದಿಷ್ಟು ಹೆಚ್ಚಿಸಬೇಕು. ಚೆನ್ನಾಗಿದ್ದ ದಿನ ಎಲ್ಲ ಕೆಲಸ ಮುಗಿಸಿಬಿಡುವ ಹುಮ್ಮಸ್ಸು ಬೇಡ. ಅರ್ಧ ಶಕ್ತಿ ಕೈಯಲ್ಲಿರುವಾಗಲೇ ಕೂರಬೇಕು. ಇದು ನನಗೆ ಎಲ್ಲಕ್ಕಿಂತ ಕಷ್ಟದ ಪಾಠವಾಯಿತು. ಕೆಲಸ ಅರ್ಧಕ್ಕೆ ಬಿಟ್ಟು ಏಳುವುದನ್ನು ನಮಗೆ ಯಾರೂ ಕಲಿಸಿರುವುದಿಲ್ಲ.

ಊಟದ ಲೆಕ್ಕವನ್ನು ಅತ್ತೆ ವಹಿಸಿಕೊಂಡರು. ಸಜ್ಜಿ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಮೆಂತ್ಯ ಪಲ್ಯ, ಅಗಸಿ ಹಿಂಡಿ, ವಾರಕ್ಕೊಮ್ಮೆ ಅಳವಿ ಪಾಯಸ. ಪ್ರತಿ ಊಟಕ್ಕೂ ನಿಂಬೆಹಣ್ಣಿನ ಹೋಳು, ಹುಳಿ ಇದ್ದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ ಎಂದು. ಮಾತ್ರೆಗೂ ಚಹಾಕ್ಕೂ ನಡುವೆ ಎರಡು ತಾಸು ಅಂತರ. ನಾನು ಮರೆತು ಚಹಾ ಕೇಳಿದರೆ ಅತ್ತೆ ಗಡಿಯಾರ ತೋರಿಸುತ್ತಿದ್ದರು. ಆದರೆ ಊಟವೊಂದರಿಂದಲೇ ಖಾಲಿಯಾದ ಕಣಜ ತುಂಬುವುದಿಲ್ಲ, ಮಾತ್ರೆ ಬೇಕೇ ಬೇಕು. ಹೊಟ್ಟೆಗೆ ಒಗ್ಗದಿದ್ದರೆ ಬೇರೆ ಮಾತ್ರೆ ಕೊಡುತ್ತಾರೆ, ಇಲ್ಲವೇ ಸಲಾಯಿನ್ ಮೂಲಕ ಹಾಕುತ್ತಾರೆ. ಹೇಳದೆ ಬಿಡಬಾರದು, ಅಷ್ಟೆ. ನನಗೆ ಮಾತ್ರೆ ಬದಲಿಸಿ ಕೊಟ್ಟರು, ಒಗ್ಗಿತು.

ನೀರು ತುಂಬುವ ಕೆಲಸ ನಮ್ಮ ಮನೆಯವರ ಪಾಲಿಗೆ ಬಂತು. ಮೊದಲ ದಿನ ಕೊಡ ಹೊತ್ತು ಬರುವಾಗ ಕಟ್ಟೆಯ ಮೇಲೆ ಕುಳಿತವರು ನಕ್ಕರಂತೆ. ‘ತುಂಬಿದ ಕೊಡ ಹದಿನೈದು ಕಿಲೋ ಆಗ್ತದ. ಹೊಟ್ಟಿ ಕೊಯ್ಸಿಕೊಂಡಾಕಿ ಹೊರಬೇಕೋ, ನಾ ಹೊರಬೇಕೋ?’ ಎಂದು ಕೇಳಿ ಬಂದೆ ಅಂದರು. ಎರಡನೆಯ ವಾರ ನಗುವವರಿರಲಿಲ್ಲ. ರೊಟ್ಟಿ ಮಾತ್ರ ಅವರ ಕೈಗೆ ಹತ್ತಲಿಲ್ಲ. ಅವರು ಬಡಿದ ರೊಟ್ಟಿ ನಮ್ಮ ಜಿಲ್ಲೆಯ ನಕಾಶೆಯ ಹಾಗಿರುತ್ತಿತ್ತು. ತಿಂದೆವು. ಮಗಳು ಶಾಲೆಗೆ ಹೋದಳು. ಮತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಕಂಪಾಸಿನ ಡಬ್ಬಿಯ ಮಾತ್ರೆಯನ್ನು ನನ್ನೆದುರಿಗೇ ನುಂಗತೊಡಗಿದಳು.

ನನ್ನ ಚೇತರಿಕೆಯನ್ನು ನಾನು ಅಳೆದದ್ದು ರೊಟ್ಟಿಯ ಲೆಕ್ಕದಲ್ಲಿ. ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ, ಸುಸ್ತಾಗುವ ಮೊದಲು ಎಷ್ಟು ರೊಟ್ಟಿ ಎಂದು ಬರೆದಿಡುತ್ತಿದ್ದೆ. ಎಳ್ಳ ಅಮಾವಾಸ್ಯೆಗೆ ನಾಲ್ಕು. ಶಿವರಾತ್ರಿಗೆ ಒಂಬತ್ತು. ನಡುವೆ ನೆಗಡಿ ಬಂದು ಮತ್ತೆ ಆರಕ್ಕೆ ಇಳಿಯಿತು. ಯುಗಾದಿಗೆ ಹದಿನಾಲ್ಕು, ಹಿಮೋಗ್ಲೋಬಿನ್ 11. ಕಾರಹುಣ್ಣಿಮೆಗೆ ಇಪ್ಪತ್ತೆರಡು, ಹಿಮೋಗ್ಲೋಬಿನ್ 12.3. ದಿನ ದಿನ ನೋಡಿದರೆ ಏನೂ ಬದಲಾಗಿಲ್ಲ ಎನಿಸುವುದು. ಹಾಳೆ ತಿರುವಿ ಹಬ್ಬದಿಂದ ಹಬ್ಬಕ್ಕೆ ನೋಡಿದರೆ ದಾರಿ ಕಾಣುವುದು. ಮನಸ್ಸು ಕುಸಿದ ದಿನ ಆ ಹಾಳೆ ತೆಗೆದು ನೋಡುತ್ತಿದ್ದೆ. ಕುಸಿದ ದಿನಗಳೂ ಇದ್ದವು. ಯಾರೋ ‘ಚೀಲ ತಗದ ಮ್ಯಾಲ ಹೆಣ್ಣು ಒಣಗಿದ ಗಿಡ’ ಎಂದದ್ದು ವಾರಗಟ್ಟಲೆ ಎದೆಯಲ್ಲಿ ಕೂತಿತ್ತು. ವಾರಗಟ್ಟಲೆ ಅಳು ಬರುತ್ತಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು, ಅದಕ್ಕೂ ಔಷಧವಿದೆ.

ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ತಾಂಡಾದ ಹುಡುಗಿಯೊಬ್ಬಳು ಎರಡನೇ ಕೂಸನ್ನು ತೂಕಕ್ಕೆ ತಂದಿದ್ದಳು. ಇಪ್ಪತ್ತಾರರ ಪ್ರಾಯ. ‘ಅಕ್ಕೋರೆ, ನೀವು ತಗಸಿ ಆರಾಮಾಗೀರಿ. ನಾನೂ ತಗಸಬೇಕಂತ ಮಾಡೀನಿ. ತಿಂಗಳಾ ತಿಂಗಳಾ ತ್ರಾಸು ಸಾಕಾಗ್ಯಾದ’ ಅಂದಳು. ನನಗೆ ಮೈ ಜುಮ್ಮೆಂದಿತು.

ಇದು ನಮ್ಮ ಜಿಲ್ಲೆಯಲ್ಲಿ ಹೊಸ ಮಾತಲ್ಲ. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದ ತಾಂಡಾದ, ಕೇರಿಯ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಕಲಬುರಗಿಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ಬಯಲಾಗಿ, ಆರೋಗ್ಯ ಇಲಾಖೆಯ ತನಿಖೆಯೂ ನಡೆಯಿತು. ಅವರಲ್ಲಿ ಅನೇಕರು ನಲವತ್ತೂ ದಾಟದವರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಮೂವರಿಗೆ ಈ ಆಪರೇಷನ್ ಆಗಿದೆ.

ಆ ಹುಡುಗಿಗೆ ಅಂಕಿ-ಅಂಶ ಹೇಳಲಿಲ್ಲ. ರೊಟ್ಟಿಯ ಹಾಳೆ ತೋರಿಸಿದೆ. ‘ನಾ ಆರಾಮಾಗೀನಿ, ಖರೇ. ನನಗ ಗಡ್ಡಿ ಇದ್ವು, ಬ್ಯಾರೆ ಔಷಧ ಎಲ್ಲಾ ಮಾಡಿ ನೋಡಿ ಕಡೀಕ ತಗಸೀನಿ. ಆದ್ರೂ ನಾಲ್ಕು ರೊಟ್ಟಿಯಿಂದ ಇಪ್ಪತ್ತೆರಡಕ್ಕ ಬರಲಿಕ್ಕ ಐದು ತಿಂಗಳ ಮ್ಯಾಲೇ ಬೇಕಾಯ್ತು. ನಿನಗ ಏನಾಗ್ಯಾದ ಮೊದಲು ತೋರ್ಸು. ಒಬ್ಬರು ತಗಸು ಅಂದ್ರ ಇನ್ನೊಬ್ಬರಿಗಿ ಕೇಳು’ ಎಂದೆ. ಸರ್ಕಾರಿ ದವಾಖಾನೆಗೆ ನಾನೇ ಕರೆದೊಯ್ದೆ. ಅವಳಿಗೆ ಸೋಂಕು ಇತ್ತು. ಹದಿನಾಲ್ಕು ದಿನದ ಮಾತ್ರೆಗೆ ವಾಸಿಯಾಯಿತು.

ನಿಮ್ಮ ಮನೆಯಲ್ಲೂ ಅಕ್ಕನೋ ಅವ್ವನೋ ಈ ಆಪರೇಷನ್ ಮಾಡಿಸಿಕೊಂಡು ಬಂದಿದ್ದರೆ, ಹೊಲಿಗೆ ಮಾಯ್ದಿದೆಯೇ ಎಂದಷ್ಟೇ ಕೇಳಬೇಡಿ. ಜ್ವರ, ವಾಸನೆಯ ಸ್ರಾವ, ಹೆಚ್ಚು ರಕ್ತ, ಒಂದು ಕಾಲು ಬಾತು ನೋಯುವುದು, ಉಸಿರು ಸಿಕ್ಕಿಕೊಳ್ಳುವುದು ಇವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಇವೇನೂ ಇಲ್ಲದೆ ಬರೀ ದಣಿವಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಡಿಸ್ಚಾರ್ಜ್ ಕಾರ್ಡು ಓದಿಸಿ. ಮತ್ತೆ, ಮನೆಯಲ್ಲಿ ಆಕೆಯ ಕೊಡ ಯಾರ ತಲೆಯ ಮೇಲೆ ಕೂತಿದೆ ಎಂದು ಒಮ್ಮೆ ನೋಡಿ.

ಮಗಳು ಪರೀಕ್ಷೆ ಪಾಸಾಗಿ ಈಗ ಆಳಂದದಲ್ಲಿ ಪಿಯುಸಿ ಓದುತ್ತಿದ್ದಾಳೆ. ಹೋದ ಎಳ್ಳ ಅಮಾವಾಸ್ಯೆಗೆ ನಾವು ಐವತ್ತು ರೊಟ್ಟಿ ಮಾಡಿದೆವು. ಮೂವತ್ತು ನಾನು ಬಡಿದೆ, ಉಳಿದದ್ದು ನೆಗೆಣ್ಣಿ. ‘ಸಾಕು, ಏಳಕ್ಕಾ’ ಎಂದು ಅವಳೇ ಕೊಣಮಗಿ ಎಳೆದುಕೊಂಡಳು. ನಾನು ಎದ್ದೆ. ಮೈಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಉಳಿದಿತ್ತು. ಬೆಳಿಗ್ಗೆ ಹೊಲದವರೆಗೆ ನಡೆಯಲು ಅದು ಬೇಕಿತ್ತು.